ರ‍್ಯಾಂಕ್ ಕೊಡದ ಬೆಟ್ಟ

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟಕ್ಕೆ ಹಿಂದೆಲ್ಲ ಜನ ಹೋಗುತ್ತಿದ್ದುದು ತಂಪಿಗೆ. ಟಿಪ್ಪುವಿಗೆ ಅದು ಬೇಸಿಗೆಯ ಬಿಡಾರ. ಆಮೇಲೆ ಬಂದ ಬ್ರಿಟಿಷ್ ಅಧಿಕಾರಿಗಳೂ ಅಲ್ಲಿಗೇ ಏರಿದರು. ಬೆವರಲೆಂದೇ ಜನ ಬರತೊಡಗಿದ್ದು ಈಚಿನ ಸಂಗತಿ. ಭಾನುವಾರ ನಸುಕಿನಲ್ಲಿ ಬೆಟ್ಟದ ಬುಡದಲ್ಲಿ ನಿಂತರೆ, ಹಿಂಬದಿಯ ಕೆಂಪು ದೀಪ ಮಿನುಗಿಸುತ್ತ ಸೈಕಲ್ಲುಗಳು ಒಂದರ ಹಿಂದೊಂದು ಹತ್ತುವುದು ಕಾಣುತ್ತದೆ. ಇವರು ಹಾಲಿನವರಲ್ಲ, ಅಂಚೆಯವರಲ್ಲ. ಸಾಫ್ಟ್‌ವೇರ್ ಎಂಜಿನಿಯರುಗಳು, ವೈದ್ಯರು, ಲೆಕ್ಕಪರಿಶೋಧಕರು. ವಾರವಿಡೀ ಉಸಿರಾಡಲೂ ಪುರುಸೊತ್ತಿಲ್ಲವೆನ್ನುವ ಮಂದಿ ಏದುಸಿರು ಬಿಡಲು ಇಷ್ಟು ದೂರ ಬರುತ್ತಾರೆ. ಭಾನುವಾರವಾದರೂ ಹೊದ್ದು ಮಲಗಬಾರದೆ?

ಬೊಜ್ಜು ಕರಗಿಸಲು ಎನ್ನುವುದು ಸುಲಭದ ಉತ್ತರ. ಲೆಕ್ಕ ಹಾಕಿ ನೋಡೋಣ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ಏಳೆಂಟು ಕಿಲೋಮೀಟರಿನ ಅಂಕುಡೊಂಕು ರಸ್ತೆಯಲ್ಲಿ ಏರುವ ಎತ್ತರ 500 ಮೀಟರ್ ಎಂದೂ ಸವಾರ, ಸೈಕಲ್ ಸೇರಿ 80 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳಿ. 80 × 9.8 × 500 = 3,92,000 ಜೌಲ್. ನಲವತ್ತು ನಿಮಿಷದಲ್ಲಿ ಹತ್ತಿದರೆ ಸುಮಾರು 163 ವಾಟ್, ಅಂದರೆ ಹಳೆಯ ಕಾಲದ 40 ವಾಟಿನ ನಾಲ್ಕು ಬಲ್ಬು ಉರಿಸುವಷ್ಟು. ನಮ್ಮ ಸ್ನಾಯುಗಳ ದಕ್ಷತೆ ಹೆಚ್ಚೆಂದರೆ ಕಾಲು ಭಾಗ. ಉಳಿದ ಮುಕ್ಕಾಲು ಬರೀ ಶಾಖ. ಹೀಗೆ ಒಟ್ಟು ಖರ್ಚು 375 ಕಿಲೋಕ್ಯಾಲೊರಿಯ ಆಸುಪಾಸು. ಇಳಿದು ಬಂದು ಎರಡು ಮಸಾಲೆದೋಸೆ ಬಾರಿಸಿದರೆ ಕಳೆದ ಗಂಟು ಮರಳಿ ಕೈಸೇರಿತು! ಕಾರಣ ಬೇರೆ ಇರಬೇಕು.

ನನಗೆ ತೋರುವುದು ಇಷ್ಟು. ಕಚೇರಿಯಲ್ಲಿ ಆರು ತಿಂಗಳು ದುಡಿದ ಯೋಜನೆ ಒಂದೇ ಸಭೆಯಲ್ಲಿ ರದ್ದಾಗಬಹುದು. ಯಾರ ಶ್ರಮ ಯಾರ ಹೆಸರಿಗೆ ಜಮೆಯಾಯಿತೆಂದು ತಿಳಿಯದೆಯೂ ಹೋಗಬಹುದು. ಬೆಟ್ಟದಲ್ಲಿ ಹತ್ತಿದ ಅಡಿ ಹತ್ತಿದ್ದೇ. ಕೆಲವು ತಿಂಗಳು ಬಿಡದೆ ಅಭ್ಯಾಸ ಮಾಡಿದವನ ಹೃದಯ ಪ್ರತಿ ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ತಳ್ಳುತ್ತದೆ. ಸ್ನಾಯುಗಳಲ್ಲಿ ಲೋಮನಾಳಗಳೂ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ. ಇಲ್ಲಿ ಶಿಫಾರಸು ನಡೆಯದು. (ನಲವತ್ತು ದಾಟಿದವರು ಮೊದಲು ವೈದ್ಯರನ್ನು ಕಂಡು ಬರಲಿ. ಹೃದಯಕ್ಕೆ ನಿಮ್ಮ ಹಟ ಅರ್ಥವಾಗುವುದಿಲ್ಲ.) ಬುಡದ ನಂದಿ ಗ್ರಾಮದಲ್ಲಿರುವವನು ಭೋಗನಂದೀಶ್ವರ, ಬೆಟ್ಟದ ಮೇಲಿರುವವನು ಯೋಗನಂದೀಶ್ವರ. ಹಿರಿಯರು ಸುಮ್ಮನೆ ಹೆಸರಿಡಲಿಲ್ಲ.

ಬೆಟ್ಟದ ರುಚಿ ಹತ್ತಿದವರಲ್ಲಿ ಕೆಲವರು ಅಲ್ಲಿಗೇ ನಿಲ್ಲುವುದಿಲ್ಲ. ಫ್ರಾನ್ಸಿನಿಂದ ಬಂದ 'ಬ್ರೆವೆ' ಎಂಬ ದೂರದ ಸವಾರಿಗಳು ಬೆಂಗಳೂರಿನಿಂದಲೂ ಹೊರಡುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಗಡುವು. 1891ರಲ್ಲಿ ಪಂದ್ಯವಾಗಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕೂಡ ಈಗ ಇದೇ ಜಾತಿಯದು. 1,200 ಕಿಲೋಮೀಟರಿಗೆ 90 ಗಂಟೆ. ಇವುಗಳಲ್ಲಿ ಪ್ರಥಮ, ದ್ವಿತೀಯ ಎಂಬ ಸ್ಥಾನಗಳೇ ಇಲ್ಲ. ಗಡುವಿನೊಳಗೆ ಮುಗಿಸಿದವರೆಲ್ಲ ತೇರ್ಗಡೆ, ಅಷ್ಟೆ.

ಎಳವೆಯಿಂದ ರ‍್ಯಾಂಕಿನ ಬೆನ್ನು ಹತ್ತಿ ಬಂದವರಿಗೆ ರ‍್ಯಾಂಕೇ ಇಲ್ಲದ ಪರೀಕ್ಷೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿದೆ? ಮಗ ಹತ್ತನೆಯ ತರಗತಿಗೆ ಬಂದೊಡನೆ ಅವನ ಸೈಕಲ್ಲನ್ನು ಅಟ್ಟಕ್ಕೇರಿಸುವ ತಂದೆತಾಯಿಗಳಿದ್ದಾರೆ. ಅತ್ತ ಆಟದ ಪೀರಿಯಡ್ಡು ಗಣಿತದ ಪಾಲಾಗುತ್ತದೆ. ಇಪ್ಪತ್ತೈದು ವರ್ಷ ಕಳೆದ ಮೇಲೆ ಅದೇ ಮಗ ಸ್ಕೂಟರಿಗಿಂತ ದುಬಾರಿಯ ಸೈಕಲ್ಲು ಕೊಂಡು, ರಕ್ತದೊತ್ತಡದ ಮಾತ್ರೆ ನುಂಗಿ, ನಂದಿಯ ಬುಡದಲ್ಲಿ ಬಂದು ನಿಂತಿರುತ್ತಾನೆ. ಸಂಜೆ ಒಂದು ಗಂಟೆ ಹೊಡೆಯುವ ಪೆಡಲಿನಿಂದ ಯಾವ ಅಂಕವೂ ಓಡಿಹೋಗುತ್ತಿರಲಿಲ್ಲ.

ಹುಡುಗರನ್ನು ಕರೆದೊಯ್ಯುವವರಿಗೆ ಒಂದು ಮಾತು: ಅಪಾಯವಿರುವುದು ಹತ್ತುವಾಗಲ್ಲ, ಇಳಿಯುವಾಗ. ತಿರುವುಗಳು ಕಡಿದಾಗಿವೆ, ಎದುರಿಗೆ ಕಾರು ಬೈಕುಗಳ ಸಾಲೇ ಬರುತ್ತಿರುತ್ತದೆ. ಮೇಲೇರುವಾಗ ಕೂಡಿಟ್ಟ 3,92,000 ಜೌಲನ್ನು ಗಾಳಿಗೂ ಬ್ರೇಕಿಗೂ ಹಂಚಿ ತೀರಿಸಬೇಕು. ಕೆಳಗೆ ಬಂದು ನಿಂತೊಡನೆ ಬ್ರೇಕಿನ ಡಿಸ್ಕನ್ನಾಗಲಿ ರಿಮ್ಮನ್ನಾಗಲಿ ಮುಟ್ಟಲು ಬಿಡಬೇಡಿ, ಸುಡುತ್ತದೆ.