ಬಾವಿಯ ಮುಚ್ಚಳ ಕಲಿಸಿದ ಪಾಠ

ಮಕ್ಕಳೇ, ವೃತ್ತದ ಕೇಂದ್ರದಿಂದ ಅದರ ಅಂಚಿಗಿರುವ ದೂರವೇ ತ್ರಿಜ್ಯ ಎಂದು ನೀವು ಓದಿದ್ದೀರಿ. ಕೈವಾರದಿಂದ ವೃತ್ತ ಎಳೆದಾಗ ಕೇಂದ್ರದ ಚುಕ್ಕೆ ಕಾಗದದ ಮೇಲೇ ಇರುತ್ತದೆ. ಆದರೆ ಕೇಂದ್ರಕ್ಕೆ ಕೈಯೇ ತಲುಪದಿದ್ದರೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕಾರ್ಕಳದ ಕಡೆಯ ಒಂದು ಶಾಲೆಯ ಬಾವಿಕಟ್ಟೆಯಲ್ಲಿ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂದರೆ ಬಾವಿಯ ನೀರು ಮೇಲಕ್ಕೇರುತ್ತದೆ. ಮಕ್ಕಳು ಬೀಳಬಾರದೆಂದು ಕಬ್ಬಿಣದ ಬಲೆಯ ಮುಚ್ಚಳ ಮಾಡಿಸಲು ಹೊರಟೆವು. ಡಬ್ಬಿಯ ಮುಚ್ಚಳದಂತೆ ಅದು ಕಟ್ಟೆಯ ಹೊರ ಅಂಚನ್ನು ಹಿಡಿದು ಕೂರಬೇಕಿತ್ತು. ಕಟ್ಟೆಯ ಈಚೆಯಿಂದ ಆಚೆಗೆ ಟೇಪು ಹಿಡಿದು ನಾನೇ ಅಳೆದೆ. ಆರೂವರೆ ಅಡಿ ಬಂತು. ಅದೇ ಅಳತೆ ಕೊಟ್ಟೆ. ಮುಚ್ಚಳ ಬಂತು, ಆದರೆ ಕೂರಲಿಲ್ಲ! ಹೊಸದು ಬರುವವರೆಗೆ ಒಂದು ವಾರ ಬಾವಿ ತೆರೆದೇ ಇತ್ತು. ಆ ಮಳೆಯಲ್ಲಿ ಬಿಡುವಿನ ವೇಳೆಯೆಲ್ಲ ಶಿಕ್ಷಕರೊಬ್ಬರು ಅಲ್ಲಿ ಕಾಯಬೇಕಾಯಿತು.

ತಪ್ಪಿದ್ದೆಲ್ಲಿ? ಬಾವಿಯ ನಡುವೆ ಬರೀ ಗಾಳಿ; ಅಲ್ಲಿ ಚುಕ್ಕೆ ಇಟ್ಟವರಿಲ್ಲ. ನನ್ನ ಟೇಪು ಕೇಂದ್ರದ ಮೇಲೆ ಹಾಯದೆ ಬದಿಗೆ ಸರಿದಿತ್ತು. ನಾನು ಅಳೆದದ್ದು ವ್ಯಾಸವನ್ನಲ್ಲ, ಒಂದು ಜ್ಯಾವನ್ನು. ಕೇಂದ್ರದ ಮೂಲಕ ಹಾಯುವ ಜ್ಯಾವೇ ಎಲ್ಲಕ್ಕಿಂತ ಉದ್ದ. ಅದೇ ವ್ಯಾಸ.

ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಹೊರಗಿನಿಂದ ಹಗ್ಗ ಸುತ್ತಿ ನೋಡುವ" ಎಂದಳು. ಸುತ್ತಿದೆವು. ಪರಿಧಿ 22 ಅಡಿ. ಪರಿಧಿ ಎಂದರೆ 2 × ಪೈ × ತ್ರಿಜ್ಯ. ಪೈ ಬೆಲೆ ಸುಮಾರು 22/7. ಹಾಗಾದರೆ ತ್ರಿಜ್ಯ 3.5 ಅಡಿ, ವ್ಯಾಸ 7 ಅಡಿ. ಮುಚ್ಚಳಕ್ಕೆ ಬೇಕಾದ ಬಲೆ ಎಷ್ಟು? ಪೈ × ತ್ರಿಜ್ಯ × ತ್ರಿಜ್ಯ, ಅಂದರೆ 38.5 ಚದರ ಅಡಿ. ತ್ರಿಜ್ಯ ಒಂದು ಸಿಕ್ಕರೆ ಉಳಿದ ಅಳತೆಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಪೈ ಬೆಲೆ ಸರಿಯಾಗಿರಬೇಕು ಎಂಬುದನ್ನು ಮರೆಯಬೇಡಿ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ'ದಲ್ಲಿ ಎರಡು ಬೆಲೆ ಕೊಟ್ಟಿದ್ದಾರೆ: ಸ್ಥೂಲ ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲ. ನಮ್ಮ ಬಾವಿಗೆ 3 ಹಿಡಿದಿದ್ದರೆ ಮುಚ್ಚಳ ನಾಲ್ಕು ಇಂಚು ದೊಡ್ಡದಾಗುತ್ತಿತ್ತು. 10ರ ವರ್ಗಮೂಲ ಹಿಡಿದರೆ ವ್ಯತ್ಯಾಸ ಅರ್ಧ ಇಂಚು ಮಾತ್ರ!

ಕಾಪು ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೀವು ನೋಡಿರಬಹುದು. ಗೋಡೆ ಕೊರೆಯದೆಯೇ ಅದರ ಬುಡದ ತ್ರಿಜ್ಯ ತಿಳಿಯಬಹುದು. ಹೇಗೆಂದು ಈಗ ನೀವೇ ಹೇಳಬಲ್ಲಿರಿ.

ಇಂದೇ ಒಂದು ತೆಂಗಿನ ಮರಕ್ಕೆ ದಾರ ಸುತ್ತಿ ಅದರ ತ್ರಿಜ್ಯ ಕಂಡುಹಿಡಿಯಿರಿ. ಬಾವಿಯ ಹತ್ತಿರ ಮಾತ್ರ ಹಿರಿಯರಿಲ್ಲದೆ ಹೋಗಬೇಡಿ.