ಅಲಾಯಿ ಕುಣಿಯ ಸುತ್ತ

ಲಿಂಗಸುಗೂರಿನಿಂದ ಮುದಗಲ್ಲಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳ ಕೊರಳಲ್ಲಿ ಕೆಂಪು ಲಾಡಿ, ಹೆಂಗಸರ ಕೈಯಲ್ಲಿ ಸಕ್ಕರೆ, ಊದಿನ ಪೊಟ್ಟಣ. ಹಣೆಗೆ ವಿಭೂತಿ ಬಳಿದವರು, ಬುರ್ಖಾ ತೊಟ್ಟವರು, ತಲೆಗೆ ರುಮಾಲು ಸುತ್ತಿದ ರೈತರು, ಎಲ್ಲರೂ ಒಂದೇ ಕಡೆ ಹೊರಟಿದ್ದರು. ‘ದೇವರ ಭೆಟ್ಟಿ ನೋಡಾಕ ಹೊಂಟೀರೇನ್ರಿ?’ ಎಂದು ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಕೇಳಿದರು. ಅಂದು ಮೊಹರಂನ ಒಂಬತ್ತನೆಯ ದಿನ.

ಕೃಷ್ಣಾ, ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆಗಾಗಿ ವಿಜಯನಗರದವರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಮುದಗಲ್ಲಿನ ಕೋಟೆ ಅವರಿವರ ಕೈಗೆ ಹೋಗುತ್ತ ಬರುತ್ತ ಇತ್ತು. ಈಗ ಅದೇ ಊರಿನ ಹೆಸರು ನಾಡಿನಲ್ಲೆಲ್ಲ ಕೇಳಿಬರುವುದು ಹುಸೇನಿ ಆಲಂ ದರ್ಗಾದ ಮೊಹರಂನಿಂದಾಗಿ.

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಹುತಾತ್ಮರಾದರು. ಆ ಶೋಕದ ನೆನಪು ಆದಿಲ್‌ಶಾಹಿಗಳ ಕಾಲದಲ್ಲಿ ಈ ಕಡೆ ಬೇರೂರಿತು. ಹಳ್ಳಿಯ ಜನ ಅದನ್ನು ತಮ್ಮ ಜಾತ್ರೆಯ ಬಗೆಯಲ್ಲೇ ಬರಮಾಡಿಕೊಂಡರು. ಮೆರವಣಿಗೆಯಲ್ಲಿ ಹೊರುವ ಲಾಂಛನಗಳಾದ ಆಲಂಗಳು ‘ಪೀರಲ ದೇವರು’ ಆದವು. ಹರಕೆ, ಮೆರವಣಿಗೆ, ಮೈದುಂಬಿ ಬರುವುದು ಎಲ್ಲವೂ ಸೇರಿಕೊಂಡವು.

ಸಂಜೆ ಹತ್ತಿರದಿಂದ ನೋಡಿದ್ದು ಅಲಾಯಿ ಕುಣಿ. ಅಮಾವಾಸ್ಯೆಯ ನಂತರ ಚಂದ್ರ ಕಾಣಿಸುತ್ತಿದ್ದಂತೆ ಗುದ್ದಲಿ ಹಾಕಿ ತೋಡುವ ಈ ದುಂಡನೆಯ ಗುಂಡಿಯಲ್ಲಿ ದಪ್ಪ ಕಟ್ಟಿಗೆಗಳು ಉರಿಯುತ್ತಿದ್ದವು. ಹಲಗೆಯ ಗತ್ತಿಗೆ ಕಾಲು ಹಾಕುತ್ತ ಯುವಕರು ಸುತ್ತ ಕುಣಿಯುತ್ತಿದ್ದರು. ಒಬ್ಬರು ಪದ ಎತ್ತಿದರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ರಿವಾಯತ್ ಎಂದು ಕರೆಯುವ ಈ ಕನ್ನಡ ಪದಗಳಲ್ಲಿ ಕರ್ಬಲಾದ ಕತೆಯೇ ಮುಖ್ಯ. ಶಿಶುನಾಳ ಶರೀಫರೂ (1819–1889) ಇಂಥ ಪದಗಳನ್ನು ಕಟ್ಟಿದವರು. ಕುಣಿಯ ಅಂಚಿನಲ್ಲಿ ಒಬ್ಬ ತಾಯಿ ಚಿಟಿಕೆ ಬೂದಿ ತೆಗೆದು ಮಗುವಿನ ಹಣೆಗೆ ಹಚ್ಚಿದಳು, ಮಿಕ್ಕಿದ್ದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

ಹತ್ತನೆಯ ದಿನದ ಹಿಂದಿನ ಕತಲ್ ರಾತ್ರಿ ಊರಿಗೆ ನಿದ್ದೆಯಿಲ್ಲ. ರೇಷ್ಮೆ ವಸ್ತ್ರ, ಹೂವಿನ ಹಾರಗಳ ನಡುವೆ ಹಸ್ತದ ಆಕಾರದ ಪಂಜಾ ಹೊಳೆಯುತ್ತಿರುತ್ತದೆ. ಅದರ ಐದು ಬೆರಳೆಂದರೆ ಪ್ರವಾದಿ, ಫಾತಿಮಾ, ಅಲಿ, ಹಸನ್, ಹುಸೇನ್. ದೇವರು ಎದುರಾಗುತ್ತಿದ್ದಂತೆ ಜನ ಕಾಯಿ, ಸಕ್ಕರೆ ಹಿಡಿದು ಮುನ್ನುಗ್ಗುತ್ತಾರೆ. ಚೊಂಗೆ, ಬೆಲ್ಲದ ಪಾನಕ ಕೈಯಿಂದ ಕೈಗೆ ಸಾಗುತ್ತವೆ.

ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ದೇವರು ಕೂರುತ್ತವೆ. ಮಸೂತಿಗೆ ಸುಣ್ಣ ಬಳಿಯುವುದು, ಕಟ್ಟಿಗೆ ತರುವುದು, ಹಲಗೆ ಬಾರಿಸುವುದು, ಆಲಂ ಹೊರುವುದು, ಒಂದೊಂದು ಕೆಲಸವೂ ಒಂದೊಂದು ಮನೆತನಕ್ಕೆ ಸೇರಿದ್ದು. ಪ್ರಾರ್ಥನೆಯ ಓದಿಕೆಗೆ ಮುಜಾವರರು ಪಕ್ಕದೂರಿನಿಂದ ಬರುತ್ತಾರೆ. ಈ ಹಬ್ಬ ಇಷ್ಟು ಕಾಲ ಬಾಳಿದ್ದು ಸೌಹಾರ್ದದ ಭಾಷಣಗಳಿಂದಲ್ಲ ಎಂಬುದು ಇಲ್ಲಿ ಓಡಾಡಿದವರಿಗೆ ಗೊತ್ತಾಗುತ್ತದೆ. ತಮ್ಮ ಮನೆಯ ಪಾಲಿನ ಕೆಲಸ ತಪ್ಪಬಾರದೆಂಬ ಹಟವೇ ಅದನ್ನು ಉಳಿಸಿದೆ.

ಮರಳುವಾಗ ಕೃಷ್ಣೆಯ ದಡದಲ್ಲಿರುವ ಮೌನೇಶ್ವರರ ತಿಂಥಣಿಗೆ ಹೋದೆ. ವಿಶ್ವಕರ್ಮ ಸಮುದಾಯದಲ್ಲಿ ಹುಟ್ಟಿದ ಮೌನೇಶ್ವರರು ವಚನಗಳನ್ನು ರಚಿಸಿದ ಸಂತರು. ಮುಸ್ಲಿಮರಿಗೆ ಅವರೇ ಮೌನುದ್ದೀನ್. ಜಾತ್ರೆಯಲ್ಲಿ ಭಕ್ತರು ಕೂಗುವ ಜಯಕಾರದಲ್ಲಿ ಪೀರರೂ ಕಾಶೀಪತಿಯೂ ಒಟ್ಟಿಗೇ ಬರುತ್ತಾರೆ.

ಮೊಹರಂನ ಈ ಆಚರಣೆಯನ್ನು ‘ಇದು ನಮ್ಮದಲ್ಲ’ ಎನ್ನುವವರು ಎರಡೂ ಕಡೆ ಇದ್ದಾರೆ. ಶುದ್ಧ ಧರ್ಮದ ಹೆಸರಿನಲ್ಲಿ ಒಂದೊಂದೇ ಮನೆ ಹಿಂದೆ ಸರಿದರೆ ಹಲಗೆ ಬಾರಿಸುವವರೂ ಇರುವುದಿಲ್ಲ, ಓದಿಕೆ ಮಾಡುವವರೂ ಇರುವುದಿಲ್ಲ. ನನ್ನನ್ನು ಕಾಡುವ ಆತಂಕ ಇದು.

ಮೊಹರಂ ನೋಡಲು ಹೋಗುವವರು ತಿಥಿ ನೋಡಿಕೊಂಡು ಹೊರಡಬೇಕು. ಚಾಂದ್ರಮಾನ ವರ್ಷ ಸುಮಾರು 11 ದಿನ ಗಿಡ್ಡ. ಹತ್ತನೆಯ ದಿನ 2024ರಲ್ಲಿ ಜುಲೈ 17ಕ್ಕೆ ಬಂದರೆ 2025ರಲ್ಲಿ ಜುಲೈ 6ಕ್ಕೆ ಬಂತು. ಮುಂಗಾರಿನ ಬಿತ್ತನೆಯ ಹೊತ್ತು. ಮುದಗಲ್ಲಿನ ಜನಜಂಗುಳಿಯನ್ನಷ್ಟೇ ಕಂಡು ವಾಪಸಾದರೆ ಅರ್ಧ ನೋಡಿದಂತೆ. ದಾರಿಯಲ್ಲಿ ಯಾವುದಾದರೂ ಸಣ್ಣ ಹಳ್ಳಿಗೆ ಇಳಿದು, ಅಲ್ಲಿನ ಆಲಂ ಯಾರ ಹೆಗಲ ಮೇಲಿದೆ ಎಂದು ಕೇಳಿ ತಿಳಿಯಬೇಕು.