ಹಾವು ಕಚ್ಚಿದ್ರೆ ಏನ್ ಮಾಡ್ಬೇಕು?

'ಕಂಟೆಂಟ್' ಅನ್ನೋ ಪದ ಕೇಳಿದ್ರೇ ನನಗೆ ಸ್ವಲ್ಪ ಅಲರ್ಜಿ. ಆಫೀಸಿನಲ್ಲಿ ಯಾರಾದ್ರೂ "ಡಿಸೈನ್ ಮುಗೀತು, ಕಂಟೆಂಟ್ ಆಮೇಲೆ ತುಂಬಿಸೋಣ" ಅಂದ್ರೆ, ಚಪ್ಪರ ಹಾಕಿ ಆಯ್ತು, ಊಟಕ್ಕೇನು ಅಂತ ಆಮೇಲೆ ನೋಡೋಣ ಅಂದ ಹಾಗೆ ಕೇಳಿಸುತ್ತೆ. ಜನ ಬರೋದು ಊಟಕ್ಕೆ ಸ್ವಾಮೀ, ಚಪ್ಪರ ನೋಡೋಕಲ್ಲ :)

ವಿಷಯಕ್ಕೆ ಬರ್ತೀನಿ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಒಂದು ಮೂಲೆ. ಅಲ್ಲಿನ ಸೊಸೈಟಿಗೆ ಒಂದು ವೆಬ್‌ಸೈಟ್ ಆಗಿದೆ. ಅಧ್ಯಕ್ಷರ ಫೋಟೋ, ನಿರ್ದೇಶಕರ ಫೋಟೋ, ಸಂಘ ನಡೆದುಬಂದ ದಾರಿ, ಧ್ಯೇಯೋದ್ದೇಶಗಳು... ಎಲ್ಲಾ ಇದೆ. ನಮ್ಮ ದೊಡ್ಡಪ್ಪನೂ ಅದರಲ್ಲಿ ಒಬ್ಬ ನಿರ್ದೇಶಕರು. ಮೊನ್ನೆ ಫೋನ್ ಮಾಡಿ, "ನೋಡೋ, ನನ್ನ ಫೋಟೋ ನನ್ನ ಹೆಂಡತಿಯೇ ನೋಡಲ್ಲ. ನೀನು ಇಂಜಿನಿಯರ್ ಅಲ್ವೇನೋ, ಜನಕ್ಕೆ ಉಪಯೋಗ ಆಗೋದು ಏನಾದ್ರೂ ಬರಿ ಮಾರಾಯ" ಅಂದರು.

ಏನು ಬರೆಯೋದು? ಅಡಿಕೆ ಧಾರಣೆ ಬೇರೆ ಕಡೆ ಸಿಗುತ್ತೆ. ಗೊಬ್ಬರದ ವಿಷಯ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆಗ ನೆನಪಾಗಿದ್ದು ಕಳೆದ ಮಳೆಗಾಲ. ನಮ್ಮ ಪಕ್ಕದ ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿಗೆ ಮಂಡಲದ ಹಾವು ಕಚ್ಚಿತ್ತು. ಕಾಲಿಗೆ ಹಗ್ಗ ಬಿಗಿದು, ನಾಟಿ ಔಷಧಿ ಕೊಡೋರ ಮನೆಗೆ ಹೋಗಿ, ಅಲ್ಲಿಂದ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಜೀವ ಉಳೀತು, ಆದ್ರೆ ಕಿಡ್ನಿಗೆ ಪೆಟ್ಟು ಬಿದ್ದು ವಾರಗಟ್ಟಲೆ ಡಯಾಲಿಸಿಸ್. ಆಕೆಯ ಮಗ ಪಿಯುಸಿ ಓದೋ ಹುಡುಗ. "ಅಣ್ಣಾ, ನಾನು ಆವಾಗ್ಲೇ ಮೊಬೈಲಲ್ಲಿ ಹುಡುಕಿದೆ. ಬರೀ ಇಂಗ್ಲಿಷ್ ಬಂತು. ಒಂದು ವಿಡಿಯೋದಲ್ಲಿ ಹಗ್ಗ ಕಟ್ಟೋದು ತೋರಿಸಿದ್ರು, ಅದನ್ನೇ ಮಾಡಿದ್ವಿ" ಅಂದ. ಆ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ.

ಇದು ಒಬ್ಬರ ಕಥೆ ಅಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದ್ರೆ ಗದ್ದೆ ತೋಟದ ಕೆಲಸದ ಹೊತ್ತಿಗೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ, 2030ರ ಹೊತ್ತಿಗೆ ಈ ಸಾವುಗಳನ್ನ ಅರ್ಧಕ್ಕೆ ಇಳಿಸೋ ಯೋಜನೆ ಹೊರಡಿಸಿತು.

ಇಷ್ಟೂ ಅಂಕಿಅಂಶ ಪುಟದ ಮೇಲ್ಗಡೆ ಹಾಕಿದ್ರೆ ಗಂಭೀರವಾಗಿ ಕಾಣುತ್ತೆ ನಿಜ. ಆದ್ರೆ ಅದನ್ನ ಓದ್ತಾ ಇರೋನು ಯಾರು? ಅಮ್ಮನ ಕಾಲಲ್ಲಿ ರಕ್ತ ಬರ್ತಾ ಇದೆ, ಕೈ ನಡುಗ್ತಾ ಇದೆ, ನೆಟ್‌ವರ್ಕ್ ಒಂದೇ ಕಡ್ಡಿ. ಅವನಿಗೆ ಅಂಕಿಅಂಶ ಯಾಕೆ ಬೇಕು? ಹಾಗಾಗಿ ಮೊದಲು ಐದೇ ಸಾಲು:

1. 108ಕ್ಕೆ ಫೋನ್ ಮಾಡಿ. ಗಾಡಿ ಇದ್ರೆ ಕಾಯಬೇಡಿ, ಹೊರಡಿ.
2. ಕಚ್ಚಿಸಿಕೊಂಡವರನ್ನ ನಡೆಸಬೇಡಿ. ಕೈಕಾಲು ಅಲುಗಾಡದ ಹಾಗೆ ಇರಲಿ.
3. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೀರಿ. ಆಮೇಲೆ ಬಾವು ಬರುತ್ತೆ.
4. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ.
5. ಹಾವನ್ನ ಹುಡುಕಿಕೊಂಡು ಹೋಗಬೇಡಿ.

ಇದರ ಕೆಳಗೆ ನಮ್ಮ ತಾಲ್ಲೂಕಿನಲ್ಲಿ ಎಎಸ್‌ವಿ, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್, ಎಲ್ಲೆಲ್ಲಿ ಇಟ್ಟಿರ್ತಾರೆ ಅಂತ ಆಸ್ಪತ್ರೆಗಳ ಹೆಸರು, ಫೋನ್ ನಂಬರು. ಒಂದೊಂದಕ್ಕೂ ನಾನೇ ಫೋನ್ ಮಾಡಿ ಕೇಳಿ, ಯಾವ ತಾರೀಖಿಗೆ ಕೇಳಿದ್ದು ಅಂತ ಪಕ್ಕದಲ್ಲೇ ಬರೆದೆ. ಇಡೀ ಪುಟದಲ್ಲಿ ಇಂಟರ್‌ನೆಟ್‌ನಲ್ಲಿ ಬೇರೆಲ್ಲೂ ಸಿಗದ ಮಾಹಿತಿ ಅಂದ್ರೆ ಇದೊಂದೇ. ಬರೆಯೋಕೆ ಹತ್ತು ನಿಮಿಷ, ಕೇಳಿ ತಿಳಿಯೋಕೆ ಎರಡು ದಿನ!

ಇನ್ನು ಹೆಸರಿನ ಗೋಳು. ಇಂಗ್ಲಿಷ್ ಪುಟವನ್ನ ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದ್ರೆ 'ರಸೆಲ್ಸ್ ವೈಪರ್' ಅಂತಾನೇ ಬರುತ್ತೆ. ನಮ್ಮೂರಲ್ಲಿ ಆ ಹೆಸರಿನ ಹಾವು ಯಾರಿಗೂ ಕಚ್ಚಿಲ್ಲ! ಕೊಳಕು ಮಂಡಲ ಅಂದ್ರೆ ಮಕ್ಕಳಿಗೂ ಗೊತ್ತು. ಕಟ್ಟು ಹಾವನ್ನ ಕರಾವಳಿ ಕಡೆಯವರು ಕಡಂಬಳ ಅಂತಾರೆ. ಅದಕ್ಕೇ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸುತ್ತಮುತ್ತಲಿನ ಹೆಸರುಗಳನ್ನ ಕೇಳಿ ಸೇರಿಸಿದೆ. ನಮ್ಮಲ್ಲಿ ಸಿಗೋ ಎಎಸ್‌ವಿ ಈ ನಾಲ್ಕೂ ಹಾವಿನ ವಿಷಕ್ಕೆ ಒಟ್ಟಿಗೇ ತಯಾರಾಗಿರೋದು. ಹಾವನ್ನ ಹೊಡೆದು ಚೀಲದಲ್ಲಿ ಹಾಕಿಕೊಂಡು ಹೋಗೋ ಅಗತ್ಯ ಇಲ್ಲ ಅನ್ನೋಕೆ ಕಾರಣ ಅದೇ. ಅಂದ ಹಾಗೆ, ಈ ಔಷಧಿಗೆ ಬೇಕಾದ ವಿಷದ ಬಹುಪಾಲು ಬರೋದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. "ಹಾವು ಹಿಡಿಯೋರದ್ದೂ ಸೊಸೈಟಿನಾ!" ಅಂತ ದೊಡ್ಡಪ್ಪನಿಗೆ ಭಾರಿ ಖುಷಿ :)

'ಮಾಡಬೇಡಿ' ಅಂತ ಬರೀ ಆಜ್ಞೆ ಮಾಡಿದ್ರೆ ಊರಲ್ಲಿ ಯಾರೂ ಕೇಳಲ್ಲ. ಯಾಕೆ ಅಂತ ಹೇಳಬೇಕು. ಹಗ್ಗ ಬಿಗಿದ್ರೆ ರಕ್ತ ಓಡಾಡದೆ ಆ ಭಾಗವೇ ಕೊಳೆಯೋ ಹಾಗಾಗಬಹುದು. ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟಲ್ಲ, ಅಂಥದ್ರಲ್ಲಿ ಬ್ಲೇಡಿನಿಂದ ಕೊಯ್ದರೆ ರಕ್ತ ನಿಲ್ಲೋದೇ ಇಲ್ಲ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ, ನೋವೇ ಗೊತ್ತಾಗಲ್ಲ. ಬೆಳಗಾಗೋ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲು ಬೀಳೋದು. ಸೊಳ್ಳೆಪರದೆಯನ್ನ ಹಾಸಿಗೆ ಅಡಿಗೆ ಸಿಕ್ಕಿಸಿ ಮಲಗಿದ್ರೆ ಅದರಿಂದ ತಪ್ಪಿಸಿಕೊಳ್ಳಬಹುದು.

"ಮತ್ತೆ ನಾಟಿ ಔಷಧಿಯಿಂದ ಎಷ್ಟೋ ಜನ ಬದುಕಿದಾರಲ್ಲ?" ಅಂತ ಅಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆ, ಅದನ್ನೂ ಪುಟದಲ್ಲಿ ಹಾಕಿದೆ. ವಿಷ ಇಲ್ಲದ ಹಾವು ಕಚ್ಚೋದು ಬಹಳ. ವಿಷದ ಹಾವೂ ಕೆಲವು ಸಲ ಕಚ್ಚಿ ವಿಷ ಬಿಡಲ್ಲ. ಅವರೆಲ್ಲ ಬರೀ ನೀರು ಕುಡಿದಿದ್ರೂ ಬದುಕ್ತಿದ್ರು. ಹೆಸರು ಮಾತ್ರ ಔಷಧಿಗೆ ಬಂತು. ಇದನ್ನ ಯಾರನ್ನೂ ಹೀಗಳೆಯದೆ ಬರೆಯೋದು ಐದು ಸಾಲಿಗಿಂತ ಕಷ್ಟ ಆಯ್ತು. ಔಷಧಿ ಕೊಡೋ ಅಜ್ಜ ನಮ್ಮ ನೆಂಟರೇ, ದುಡ್ಡೂ ತಗೊಳ್ಳಲ್ಲ.

ಹಾಗಂತ ಆಸ್ಪತ್ರೆ ಔಷಧಿಯೂ ಎಲ್ಲದಕ್ಕೂ ಅಲ್ಲ. ಘಟ್ಟದ ಕಡೆ ಇರೋ ಹಂಪ್-ನೋಸ್ಡ್ ಪಿಟ್ ವೈಪರ್ ಅನ್ನೋ ಗಿಡ್ಡ ಹಾವಿನ ವಿಷಕ್ಕೆ ನಮ್ಮ ಎಎಸ್‌ವಿ ಕೆಲಸ ಮಾಡಲ್ಲ. ಆಗಲೂ ಕಿಡ್ನಿ, ರಕ್ತ ನೋಡಿಕೊಳ್ಳೋಕೆ ಆಸ್ಪತ್ರೆಯೇ ಬೇಕು. ಇದನ್ನ ಮುಚ್ಚಿಟ್ಟು ಬರೆದ್ರೆ ಮುಂದೆ ಉಳಿದದ್ದನ್ನೂ ಯಾರೂ ನಂಬಲ್ಲ.

ಟೆಕ್ನಿಕಲ್ ವಿಷಯ ಎರಡೇ ಮಾತು. ಡಾಕ್ಟರೊಬ್ಬರು ಕೊಟ್ಟ ಕರಪತ್ರ ನುಡಿಯ ಹಳೇ ಫಾಂಟಿನಲ್ಲಿತ್ತು, ಕಾಪಿ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಬದಲಾಯಿಸಿ ಕೂತು ತಿದ್ದಿದೆ. ಚಿತ್ರ ಮಾಡಿ ಹಾಕಿಬಿಡು ಅಂದರು ಕೆಲವರು. ಚಿತ್ರದೊಳಗಿನ ಕನ್ನಡ ಹುಡುಕಿದ್ರೆ ಸಿಗೋದು ಕಷ್ಟ, ಒಂದು ಕಡ್ಡಿ ನೆಟ್‌ವರ್ಕಿನಲ್ಲಿ ತೆರೆಯೋದೂ ನಿಧಾನ. ಶೀರ್ಷಿಕೆ 'ಸರ್ಪದಂಶ: ಪ್ರಥಮ ಚಿಕಿತ್ಸೆ' ಆಗಬೇಕು ಅಂತ ಕಾರ್ಯದರ್ಶಿಗಳ ಆಸೆ. ಆ ಹುಡುಗ ಮೊಬೈಲ್ ಹಿಡಿದು ಸರ್ಪದಂಶ ಅಂತಾನಾ? 'ಹಾವು ಕಚ್ಚಿದ್ರೆ ಏನ್ ಮಾಡ್ಬೇಕು' ಅಂತಾನೆ. ಅದೇ ಶೀರ್ಷಿಕೆ ಆಯ್ತು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಪೂರ್ತಿ ಓದಿ ಮೂರು ಕಡೆ ತಿದ್ದಿಕೊಟ್ಟ ಮೇಲೆ ಪುಟ ಹೊರಗೆ ಬಂತು. ಮೊದಲ ತಿಂಗಳು ನೋಡಿದವರು 41 ಜನ. ಅದರಲ್ಲಿ ಅರ್ಧ ನಮ್ಮ ನೆಂಟರೇ ಇರಬೇಕು. ಇರಲಿ ಬಿಡಿ. ಈ ಪುಟವನ್ನ ದಿನಾ ಯಾರೂ ಓದಬೇಕಾಗಿಲ್ಲ. ಬೇಕಾದ ಒಂದು ದಿನ, ಬೇಕಾದ ಒಬ್ಬರಿಗೆ ಸಿಕ್ಕಿದ್ರೆ ಸಾಕು. ಆರು ತಿಂಗಳಿಗೊಮ್ಮೆ ಆಸ್ಪತ್ರೆಗಳಿಗೆಲ್ಲ ಮತ್ತೆ ಫೋನ್ ಮಾಡಬೇಕು, ಜ್ಞಾಪನೆ ಇಟ್ಟುಕೊಂಡಿದ್ದೀನಿ.

ಈಗ ನೀವು ಹೇಳಿ. ನಿಮ್ಮ ಕಡೆ ಗರಗಸ ಮಂಡಲಕ್ಕೆ ಏನಂತಾರೆ? ಬಯಲುಸೀಮೆಯ ಹೆಸರುಗಳು ನನ್ನ ಹತ್ತಿರ ಕಡಿಮೆ ಇವೆ. ನಿಮ್ಮ ತಾಲ್ಲೂಕಿನಲ್ಲಿ ಔಷಧಿ ಎಲ್ಲಿ ಸಿಗುತ್ತೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ರೆ ಒಂದು ಫೋನ್ ಮಾಡಿ ನೋಡಿ. ಗೊತ್ತಾದ್ಮೇಲೆ ಕನ್ನಡದಲ್ಲಿ ಬರೆದಿಡಿ.